ಖಡ್ಗ ಹಾರಿತು, ವಚನದ ಕಟ್ಟು ಕಾಣೆಯಾಯಿತು: ರಂಗಪರಿಕರಗಳ ಹೊಣೆ ಯಾರದು?

ಪ್ರಶ್ನೆ: ಸರ್, ಶರಣು. ನಾನು ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಹಳೆಯ ವಿದ್ಯಾರ್ಥಿಗಳು ಮತ್ತು ಊರಿನ ಕೆಲವು ಹಿರಿಯರು ಸೇರಿ ಹದಿನೆಂಟು ಜನರ ಹವ್ಯಾಸಿ ತಂಡ ಕಟ್ಟಿಕೊಂಡಿದ್ದೇವೆ. ಬಸವಣ್ಣನವರ ಕಾಲದ ಕಲ್ಯಾಣವನ್ನು ಕುರಿತು ನಾವೇ ಬರೆದುಕೊಂಡ ನಾಟಕವನ್ನು ಎರಡು ಸಲ ಆಡಿದೆವು. ಎರಡನೆಯದು ಕಲಬುರಗಿಯಲ್ಲಿ. ಅಲ್ಲಿ ಕಾಳಗದ ದೃಶ್ಯದಲ್ಲಿ ಖಡ್ಗದ ಅಲಗು ಹಿಡಿಯಿಂದ ಕಳಚಿ ಪ್ರೇಕ್ಷಕರ ಮೊದಲ ಸಾಲಿನ ಬಳಿ ಬಿತ್ತು. ದೇವರ ದಯೆ, ಯಾರಿಗೂ ತಾಗಲಿಲ್ಲ. ವಚನದ ಓಲೆಗರಿ ಕಟ್ಟನ್ನು ಎರಡನೆಯ ದೃಶ್ಯದಲ್ಲಿ ನಟನೊಬ್ಬ ಹಿಡಿದು ಎಡಗಡೆಯಿಂದ ರಂಗ ಬಿಟ್ಟು ಹೋಗಿದ್ದ; ಕೊನೆಯ ದೃಶ್ಯಕ್ಕೆ ಅದು ಸಿಗದೆ ನಟಿ ಬಲಗಡೆಯಿಂದ ಬರಿಗೈಯಲ್ಲಿ ರಂಗಕ್ಕೆ ಹೋದಳು. ಕಟ್ಟು ಕಳೆದವನು ಇವನೇ ಎಂದು ಒಬ್ಬ ಹುಡುಗನನ್ನು ಎಲ್ಲರೂ ಬೈದರು. ಅವನು ಈಗ ತಾಲೀಮಿಗೆ ಬರುತ್ತಿಲ್ಲ. ಮುಂದಿನ ಪ್ರದರ್ಶನ ಬೀದರ್‌ನಲ್ಲಿ. ‘ನಮ್ಮ ಮನೆಯಲ್ಲಿ ನಿಜವಾದ ಖಡ್ಗವಿದೆ, ಅದೇ ಗಟ್ಟಿ’ ಎಂದು ಹಿರಿಯರೊಬ್ಬರು ಹೇಳುತ್ತಾರೆ. ಅರಮನೆಯ ದೃಶ್ಯಕ್ಕೆ ಪರಿಚಯದವರ ಮನೆಯಿಂದ ಹಳೆಯ ಬಿದರಿ ಹೂಜಿ, ಹುಕ್ಕಾ ತರೋಣ ಎಂದು ಇನ್ನೊಬ್ಬರ ಸಲಹೆ. ಮುಖ್ಯ ನಟನಿಗೆ ಎಣ್ಣೆಯ ದೀಪವೇ ಬೇಕು. ಖಾಲಿ ತೊಟ್ಟಿಲು ತೂಗಿಸಬೇಡಿ ಎಂದು ನಟಿಯ ತಾಯಿ ಹಟ ಹಿಡಿದಿದ್ದಾರೆ. ಎಲ್ಲವನ್ನೂ ಬೆಂಗಳೂರಿನಿಂದ ಬಾಡಿಗೆಗೆ ತರಿಸುವುದೊಂದೇ ದಾರಿಯೇ? ನಮ್ಮ ಬಳಿ ಹಣ ಕಡಿಮೆ.

ಉತ್ತರ: ಮೇಡಂ, ಶರಣು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಖಡ್ಗ, ಕಟ್ಟು, ಹೂಜಿ, ದೀಪ, ತೊಟ್ಟಿಲು ಎಂದು ಐದು ತೊಂದರೆಗಳನ್ನು ಹೇಳಿದ್ದೀರಿ. ನನಗೆ ಕಾಣುವುದು ಒಂದೇ. ನಿಮ್ಮ ತಂಡದ ಹದಿನೆಂಟು ಜನರಲ್ಲಿ ಪರಿಕರಗಳಿಗೆಂದೇ ಒಬ್ಬರೂ ಇಲ್ಲ. ಎಲ್ಲರೂ ತರುತ್ತಾರೆ, ಎಲ್ಲರೂ ಎತ್ತಿಡುತ್ತಾರೆ, ಕಳೆದಾಗ ಮಾತ್ರ ಒಬ್ಬನ ತಲೆಗೆ ಕಟ್ಟುತ್ತಾರೆ. ನಲವತ್ತು ವರ್ಷಗಳಿಂದ ಕಲಬುರಗಿ, ಬೀದರ್, ಸುರಪುರ ಎಂದು ತಂಡಗಳ ಬೆನ್ನ ಹಿಂದೆ ನಿಂತು ಈ ಕೆಲಸ ಮಾಡಿದ್ದೇನೆ. ಪರಿಕರಗಳು ಹಣದ ಕೊರತೆಯಿಂದ ಕೆಟ್ಟದ್ದನ್ನು ಕಂಡದ್ದು ಬಹಳ ಕಡಿಮೆ. ಹೇಳುವವರು ಕೇಳುವವರು ಇಲ್ಲದೆ ಕೆಟ್ಟದ್ದೇ ಹೆಚ್ಚು.

ಮೊದಲು ಖಡ್ಗ, ಏಕೆಂದರೆ ಅದು ಜೀವದ ಮಾತು.

ಅಲಗು ಏಕೆ ಕಳಚಿತು? ನೀವು ಬರೆದಿರುವ ರೀತಿ ನೋಡಿದರೆ ತಗಡಿನ ಅಲಗನ್ನು ಹಿಡಿಯ ಬಾಯಿಗೆ ತಂದು ಬೆಸುಗೆ ಹಾಕಿದ್ದಾರೆ, ಇಲ್ಲವೇ ಅಂಟಿನಿಂದ ಕೂಡಿಸಿದ್ದಾರೆ. ಖಡ್ಗಕ್ಕೆ ಖಡ್ಗ ಬಡಿದಾಗ ಪೆಟ್ಟಿನ ಬಲವೆಲ್ಲ ಬಂದು ಕೂಡುವುದು ಅದೇ ಜಾಗಕ್ಕೆ. ತಾಲೀಮಿನಲ್ಲಿ ಹತ್ತು ಸಲ ತಡೆದುಕೊಂಡ ಬೆಸುಗೆ ಹನ್ನೊಂದನೆಯ ಸಲ ಬಿಡುತ್ತದೆ. ಒಳಗೆ ಕೂದಲೆಳೆಯ ಬಿರುಕು ಮೂಡಿರುತ್ತದೆ, ಮೇಲೆ ಬಣ್ಣ ಬಳಿದಿರುವುದರಿಂದ ಕಾಣುವುದಿಲ್ಲ. ಸರಿಯಾದ ಖಡ್ಗದಲ್ಲಿ ಅಲಗಿನ ಬುಡ ಸಪೂರವಾಗಿ ಹಿಡಿಯ ಒಳಗೆ ತುದಿಯವರೆಗೂ ಹೋಗಿರಬೇಕು, ಅಲ್ಲಿ ಎರಡು ಕಡೆ ಆರಪಾರ ಬೋಲ್ಟ್ ಬಿಗಿದಿರಬೇಕು. ನೀವು ಹೊಸದಾಗಿ ಮಾಡಿಸುವ ಪ್ರತಿಯೊಂದು ಆಯುಧದಲ್ಲೂ ಇದನ್ನೇ ಮೊದಲು ನೋಡಿ.

ನಿಜವಾದ ಖಡ್ಗವೇ ಗಟ್ಟಿ ಎಂದು ಹಿರಿಯರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಅದರ ಅಲಗು ಕಳಚುವುದಿಲ್ಲ, ಸರಿ. ಆದರೆ ಅದು ಕೊಯ್ಯುತ್ತದೆ. ರಂಗದ ಮೇಲೆ ನಟನ ಕಣ್ಣಿಗೆ ದೀಪ ಹೊಡೆಯುತ್ತಿರುತ್ತದೆ, ಬೆವರಿಗೆ ಅಂಗೈ ಜಾರುತ್ತಿರುತ್ತದೆ, ಎದುರಿನವನು ಒಂದು ಹೆಜ್ಜೆ ತಪ್ಪಿರುತ್ತಾನೆ. 2008ರ ಡಿಸೆಂಬರ್‌ನಲ್ಲಿ ವಿಯೆನ್ನಾದ ಪ್ರಸಿದ್ಧ ರಂಗಮಂದಿರವೊಂದರಲ್ಲಿ ಆತ್ಮಹತ್ಯೆಯ ದೃಶ್ಯ ಮಾಡುತ್ತಿದ್ದ ನಟ ನಿಜವಾಗಿಯೂ ತನ್ನ ಕುತ್ತಿಗೆ ಕೊಯ್ದುಕೊಂಡರು. ಕೈಗೆ ಬಂದಿದ್ದ ಚಾಕುವಿನ ಅಲಗನ್ನು ಯಾರೂ ಮೊಂಡು ಮಾಡಿರಲಿಲ್ಲ. ಅದೃಷ್ಟಕ್ಕೆ ಅವರು ಬದುಕಿದರು. ನೂರಾರು ಜನ ನೌಕರರಿರುವ ರಂಗಮಂದಿರದಲ್ಲೇ ಹೀಗಾಗುವುದಾದರೆ ನಮ್ಮಂಥವರು ಇನ್ನೆಷ್ಟು ಎಚ್ಚರದಿಂದಿರಬೇಕು?

ಇದು ಈಗಿನವರ ಅಂಜಿಕೆ ಎಂದು ಹಿರಿಯರು ತಳ್ಳಿಹಾಕಿದರೆ ನಾಟ್ಯಶಾಸ್ತ್ರದ ಮಾತು ಹೇಳಿ. ಆಹಾರ್ಯಾಭಿನಯದ, ಅಂದರೆ ವೇಷಭೂಷಣ, ಪರಿಕರಗಳ ಭಾಗದಲ್ಲಿ ಭರತ ಸ್ಪಷ್ಟವಾಗಿ ಹೇಳುತ್ತಾನೆ: ರಂಗದ ಮೇಲೆ ಆಯುಧದಿಂದ ಇರಿಯಬಾರದು, ಕಡಿಯಬಾರದು, ರಕ್ತ ಹರಿಸಬಾರದು; ಪ್ರಹಾರವನ್ನು ಅಭಿನಯದಲ್ಲಿ ತೋರಿಸಬೇಕು. ಒಡವೆ ಕೂಡ ಭಾರವಾಗಿದ್ದರೆ ನಟ ಬಳಲುತ್ತಾನೆ, ಆದ್ದರಿಂದ ಅರಗಿನಂಥ ಹಗುರ ವಸ್ತುವಿನಿಂದ ಮಾಡಿ ಎನ್ನುತ್ತಾನೆ. ನಮ್ಮ ದೊಡ್ಡಾಟದವರು ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರವಾದ ಕಟ್ಟಿಗೆಯಲ್ಲಿ ಕೆತ್ತಿ ಬೇಗಡೆ, ಕನ್ನಡಿ ಚೂರು ಅಂಟಿಸುತ್ತಿದ್ದದ್ದು ಬಡತನದಿಂದಲ್ಲ. ಬೆಳಗಿನವರೆಗೂ ಕುಣಿಯಬೇಕಾದ ಮೈಗೆ ಏನನ್ನು ಹೊರಿಸಬಹುದು ಎಂದು ಅವರಿಗೆ ಗೊತ್ತಿತ್ತು.

ಹಾಗಾದರೆ ಏನು ಮಾಡಬೇಕು? ಖಡ್ಗ ಸೊಂಟದಲ್ಲೇ ಇರುವ ಪಾತ್ರಗಳಿಗೆ ಕಟ್ಟಿಗೆಯದು ಸಾಕು. ಊರಿನ ಬಡಿಗರು ಒಂದು ದಿನದಲ್ಲಿ ಮಾಡಿಕೊಡುತ್ತಾರೆ. ಅದಕ್ಕೆ ಬೆಳ್ಳಿಯ ಬಣ್ಣ ಮಾತ್ರ ಬಳಿದರೆ ಆಟಿಕೆಯಂತೆ ಕಾಣುತ್ತದೆ. ಬಣ್ಣ ಒಣಗಿದ ಮೇಲೆ ಪೆನ್ಸಿಲ್ಲಿನ ಸೀಸವನ್ನು ಪುಡಿ ಮಾಡಿ ಬಟ್ಟೆಯಿಂದ ಉಜ್ಜಿ, ಉಕ್ಕಿನ ಕಪ್ಪು ಹೊಳಪು ಬರುತ್ತದೆ. ಕಾಳಗ ಮಾಡುವ ಇಬ್ಬರಿಗೆ ಮಾತ್ರ ಐದಾರು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿಯಿಂದ ಮಾಡಿಸಿ; ಅಂಚು ದುಂಡಗಿರಲಿ, ತುದಿ ಹೆಬ್ಬೆರಳಿನಷ್ಟು ಅಗಲವಾಗಿರಲಿ. ಇದರಲ್ಲೂ ಅಪಾಯವಿದೆ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಪ್ರತಿ ಹೊಡೆತಕ್ಕೂ ಅಂಚಿನಲ್ಲಿ ಗರಗಸದ ಹಲ್ಲಿನಂತೆ ಚೂಪು ಏಳುತ್ತದೆ. ಪ್ರತಿ ಪ್ರದರ್ಶನದ ನಂತರ ಅರದಿಂದ ಉಜ್ಜಿ ನಯ ಮಾಡಲೇಬೇಕು. ಕಾಳಗವನ್ನೂ ಕುಣಿತದ ಹೆಜ್ಜೆಗಳಂತೆ ಎಣಿಕೆಗೆ ಕಟ್ಟಿಕೊಳ್ಳಿ. ಹೊಡೆತದ ಗುರಿ ಎದುರಾಳಿಯ ಮೈಯ ಹೊರಗೆ, ಮುಖದ ಮಟ್ಟಕ್ಕೆ ಎಂದೂ ಬೇಡ. ಬೀಸುವ ದಿಕ್ಕು ಪಕ್ಕದ ವಿಂಗ್ (ರಂಗದ ಪಕ್ಕದ ಮರೆಯ ಜಾಗ) ಕಡೆಗಿರಲಿ, ಜನರ ಕಡೆಗೆ ಬೇಡ. ಆ ರಾತ್ರಿ ನಿಮ್ಮ ಅಲಗು ಮೊದಲ ಸಾಲಿನ ಬಳಿ ಬಿದ್ದದ್ದು ಬೀಸಿದ ದಿಕ್ಕಿನಿಂದ. ಪ್ರದರ್ಶನದ ದಿನ ಪರದೆ ಏಳುವ ಮೊದಲು ಆ ಇಬ್ಬರೂ ಅರ್ಧ ವೇಗದಲ್ಲಿ ಒಂದು ಸಲ ಕಾಳಗ ಮಾಡಿಯೇ ವೇಷ ಕಟ್ಟಬೇಕು. ನನ್ನ ತಂಡಗಳಲ್ಲಿ ಇದಕ್ಕೆ ವಿನಾಯಿತಿ ಕೊಟ್ಟಿಲ್ಲ.

ಹಿರಿಯರ ಮನೆಯ ಖಡ್ಗವನ್ನು ಬಸ್ಸಿನಲ್ಲೋ ಟೆಂಪೊದಲ್ಲೋ ಜಿಲ್ಲೆ ದಾಟಿಸುವುದೂ ಹಗುರ ವಿಷಯವಲ್ಲ. ಚೂಪಾದ ಆಯುಧಗಳಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಅನ್ವಯಿಸಬಹುದು. ಮೊಂಡಾದ ರಂಗದ ಖಡ್ಗಗಳನ್ನು ಒಯ್ಯುವಾಗಲೂ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ತಂಡದ ಪತ್ರವೊಂದನ್ನು ಜೊತೆಗೆ ಇಟ್ಟುಕೊಳ್ಳಿ. ನಾಟಕಕ್ಕೆ ಎಂದು ಬರೆದ ಕಾಗದ ಕೈಯಲ್ಲಿದ್ದರೆ ದಾರಿಯಲ್ಲಿ ಪೊಲೀಸರು ಕೇಳಿದಾಗ ಮಾತು ಸುಲಭ.

ನಮ್ಮ ಕಡೆಯ ಬಿಸಿಲಿನ ಬಗ್ಗೆ ಇಲ್ಲಿಯೇ ಒಂದು ಮಾತು. ಈಗ ಎಲ್ಲರೂ ಗ್ಲೂ ಗನ್ ಹಿಡಿದು ಕಿರೀಟ, ಗದೆ, ಸಿಂಹಾಸನದ ಅಲಂಕಾರ ಎಲ್ಲವನ್ನೂ ಐದು ನಿಮಿಷದಲ್ಲಿ ಅಂಟಿಸುತ್ತಾರೆ. ಆ ಅಂಟು ಬಿಸಿಗೆ ಕರಗುವ ಜಾತಿಯದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಹೊರಗೇ 42, 43 ಡಿಗ್ರಿ ಇರುತ್ತದೆ. ಬಿಸಿಲಿನಲ್ಲಿ ನಿಂತ, ಬಾಗಿಲು ಮುಚ್ಚಿದ ವಾಹನದ ಒಳಗೆ ಅದು 60 ದಾಟುತ್ತದೆ. ಶಹಾಪುರದಲ್ಲಿ ಗಟ್ಟಿಯಾಗಿದ್ದ ಕಿರೀಟ ಬೀದರ್‌ನಲ್ಲಿ ಇಳಿಸುವಾಗ ನಾಲ್ಕು ತುಂಡಾಗಿರುವುದನ್ನು ನೀವೂ ನೋಡಿರಬಹುದು. ಭಾರ ತಡೆಯುವ ಜಾಗಕ್ಕೆ ದಾರದ ಹೊಲಿಗೆ, ತಂತಿ, ಮೊಳೆ ಬೇಕು. ಅಂಟು ಏನಿದ್ದರೂ ಮೇಲಿನ ಅಲಂಕಾರಕ್ಕೆ. ಥರ್ಮಾಕೋಲಿಗೆ ಎಣ್ಣೆಯ ಬಣ್ಣ ಬಳಿಯಬೇಡಿ, ಅದು ತಿಂದುಹಾಕುತ್ತದೆ. ನೀರಿನ ಬಣ್ಣವೇ ಆಗಬೇಕು. ಹಳೆಯ ಕಾಗದ ನೆನೆಸಿ ರುಬ್ಬಿ ಮೈದಾ ಅಂಟಿನಲ್ಲಿ ಕಲಸಿ ಮಾಡಿದ ಸಾಮಾನು ಹಗುರ, ಅಗ್ಗ, ಬಿಸಿಲಿಗೂ ಬಾಳುತ್ತದೆ. ಇಲಿ, ಜಿರಲೆಗೆ ಮೈದಾ ಇಷ್ಟ ಎಂದು ಅಂಟಿಗೆ ಸ್ವಲ್ಪ ಮೈಲುತುತ್ತ ಬೆರೆಸುವ ಪದ್ಧತಿ ಇದೆ. ಅದು ವಿಷ. ಮಕ್ಕಳು ಮುಟ್ಟುವ, ಬಾಯಿಯ ಹತ್ತಿರ ಹೋಗುವ ವಸ್ತುವಿಗೆ ಖಂಡಿತ ಬೇಡ.

ಇನ್ನು ಕಳೆದುಹೋದ ಕಟ್ಟು. ಆ ಹುಡುಗ ಅದನ್ನು ಕಳೆದಿಲ್ಲ ಎಂದೇ ನನ್ನ ಅನಿಸಿಕೆ. ನಿಮ್ಮ ಪತ್ರದಲ್ಲೇ ಇದೆ: ಎರಡನೆಯ ದೃಶ್ಯದಲ್ಲಿ ಆ ಕಟ್ಟನ್ನು ಹಿಡಿದು ಎಡಗಡೆಯಿಂದ ರಂಗ ಬಿಟ್ಟು ಹೋದ ನಟ, ಕೊನೆಯ ದೃಶ್ಯದಲ್ಲಿ ಬಲಗಡೆಯಿಂದ ಬರಬೇಕಾದ ನಟಿ. ನಡುವೆ ಅದನ್ನು ದಾಟಿಸುವವರು ಯಾರು? ಯಾರೂ ಬರೆದುಕೊಂಡಿಲ್ಲ. ಕತ್ತಲಲ್ಲಿ ಎಡ ವಿಂಗ್‌ನ ಯಾವುದೋ ಕುರ್ಚಿಯ ಮೇಲೆ ಅದು ಬಿದ್ದಿದ್ದಿರಬೇಕು. ನಾಟಕದವರ ಬಾಯಲ್ಲಿ ಪ್ರಾಪರ್ಟಿ, ಪುಸ್ತಕದಲ್ಲಿ ರಂಗಪರಿಕರ, ಹೆಸರು ಏನೇ ಇರಲಿ, ಅದು ರಂಗದ ಮೇಲೆ ಇರುವ ಹೊತ್ತಿಗಿಂತ ವಿಂಗ್‌ನಲ್ಲಿ ಕಾಯುವ ಹೊತ್ತು ಹೆಚ್ಚು. ಕಳೆದುಹೋಗುವುದೂ ಅಲ್ಲಿಯೇ.

ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಂಡು ಕೂತು ನಾಟಕವನ್ನು ಮೊದಲಿಂದ ಕೊನೆಯವರೆಗೆ ವಸ್ತುಗಳ ಕಣ್ಣಿನಿಂದ ಓದಿ. ಯಾವ ದೃಶ್ಯ, ಯಾವ ವಸ್ತು, ಯಾರ ಕೈಯಲ್ಲಿ, ಯಾವ ಕಡೆಯಿಂದ ಒಳಗೆ, ಯಾವ ಕಡೆಯಿಂದ ಹೊರಗೆ, ಮುಂದೆ ಯಾರಿಗೆ ಬೇಕು. ಇಷ್ಟನ್ನು ಸಾಲಾಗಿ ಬರೆದರೆ ನಿಮ್ಮ ನಾಟಕದಲ್ಲಿ ಕಡಿಮೆ ಎಂದರೂ ನಾಲ್ಕೈದು ಕಡೆ ಹೀಗೆ ಕೊಂಡಿ ತಪ್ಪಿರುವುದು ತಾನಾಗಿಯೇ ಕಾಣುತ್ತದೆ. ಆಮೇಲೆ ಎರಡೂ ವಿಂಗ್‌ಗಳಲ್ಲಿ ಒಂದೊಂದು ಟೇಬಲ್ ಇಡಿ. ಮೇಲೆ ಕಂದು ಕಾಗದ ಹಾಸಿ, ಪ್ರತಿ ವಸ್ತುವನ್ನೂ ಅದರ ಮೇಲಿಟ್ಟು ಸುತ್ತ ದಪ್ಪ ಪೆನ್ನಿನಿಂದ ಗೆರೆ ಎಳೆದು ಒಳಗೆ ಹೆಸರು ಬರೆಯಿರಿ. ತಂಬಿಗೆ ಇರಬೇಕಾದ ಗೆರೆ ಖಾಲಿ ಇದ್ದರೆ ಯಾರನ್ನೂ ಕೇಳುವುದು ಬೇಕಿಲ್ಲ, ಕಣ್ಣೇ ಹೇಳುತ್ತದೆ. ಟೇಬಲ್ಲಿನ ಮೇಲೆ ನೀರಿನ ಬಾಟಲಿ, ಮೊಬೈಲ್, ಚಹಾದ ಕಪ್ಪು ಇಡಬಾರದು. ತನ್ನದಲ್ಲದ ವಸ್ತುವನ್ನು ಯಾರೂ ಮುಟ್ಟಬಾರದು, ಸರಿಪಡಿಸಲು ಕೂಡ. ಈ ಕೊನೆಯ ನಿಯಮಕ್ಕೆ ಹಿರಿಯ ನಟರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ, ನೀವು ಬಿಟ್ಟುಕೊಡಬೇಡಿ.

ಏಕೆಂದರೆ ಒಂದು ಸಲ ನನ್ನ ಕಣ್ಣೆದುರೇ ಹೀಗಾಯಿತು. ಬಣ್ಣದ ಬ್ರಶ್ ತೊಳೆದ ಟರ್ಪಂಟೈನನ್ನು ಯಾರೋ ಕೈಗೆ ಸಿಕ್ಕ ಹಿತ್ತಾಳೆಯ ತಂಬಿಗೆಗೆ ಸುರಿದು ವಿಂಗ್‌ನಲ್ಲಿ ಇಟ್ಟಿದ್ದರು. ಅದು ವಿಷಪ್ರಾಶನದ ದೃಶ್ಯದ ತಂಬಿಗೆ. ನಟ ಎತ್ತಿ ತುಟಿಗೆ ತಂದಾಗ ವಾಸನೆ ಹೊಡೆದು, ಕುಡಿದಂತೆ ಅಭಿನಯಿಸಿ ಕೆಳಗಿಟ್ಟರು. ಅಂದಿನಿಂದ ರಂಗದ ಮೇಲೆ ಬಾಯಿಗೆ ಹೋಗುವ ಯಾವುದೇ ನೀರು, ಬೆಲ್ಲದ ಪಾನಕ, ಚಹಾದ ಡಿಕಾಕ್ಷನ್ ಇರಲಿ, ಅದೇ ದಿನ ಒಬ್ಬರೇ ತುಂಬಿ, ಪರದೆ ಏಳುವ ಮೊದಲು ತಾವೇ ಒಂದು ಗುಟುಕು ಕುಡಿದು ನೋಡುವ ನಿಯಮ ಮಾಡಿದೆ. ತಿನ್ನುವ ವಸ್ತುವಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜೋಳದ ರೊಟ್ಟಿ ನೋಡಲು ಚೆಂದ, ಆದರೆ ಒಣ ರೊಟ್ಟಿ ಗಂಟಲಿಗೆ ಹಿಡಿದರೆ ಮುಂದಿನ ಮಾತು ಹೊರಡುವುದಿಲ್ಲ. ಮಾತಿರುವ ನಟನಿಗೆ ರೊಟ್ಟಿಯೊಳಗೆ ಬಾಳೆಹಣ್ಣಿನ ತುಂಡು ಮುಚ್ಚಿ ಕೊಡಿ.

ಬಿದರಿ ಹೂಜಿಯ ವಿಷಯಕ್ಕೆ ಬರುತ್ತೇನೆ. ಬಿದರಿ ಎಂದರೆ ನನಗೂ ಅಭಿಮಾನ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಗೆರೆ ಕೊರೆದು ಬೆಳ್ಳಿ ತುಂಬಿ, ಬೀದರ್ ಕೋಟೆಯ ಮಣ್ಣಿನೊಂದಿಗೆ ನವಸಾಗರ ಕಲಸಿ ಕಪ್ಪು ಬರಿಸುವ ಆ ಕೈಗಳಿಗೆ ಎಷ್ಟು ನಮಸ್ಕಾರ ಮಾಡಿದರೂ ಸಾಲದು. ಹಾಗಿದ್ದೂ ಬೇಡ ಎನ್ನುತ್ತೇನೆ, ಮೂರು ಕಾರಣಕ್ಕೆ. ಬಸವಣ್ಣನವರ ಕಲ್ಯಾಣ 12ನೇ ಶತಮಾನದ್ದು. ಬಿದರಿ ಕಲೆ ಇಲ್ಲಿ ಬೇರೂರಿದ್ದು ಬಹಮನಿ ಸುಲ್ತಾನರ ಕಾಲದಲ್ಲಿ, ಅವರ ರಾಜಧಾನಿ ಕಲಬುರಗಿಯಿಂದ ಬೀದರ್‌ಗೆ ಹೋದದ್ದೇ 15ನೇ ಶತಮಾನದಲ್ಲಿ. ಹುಕ್ಕಾ ಇನ್ನೂ ತಡವಾಗಿ ಬಂದದ್ದು, ಹೊಗೆಸೊಪ್ಪು ಈ ದೇಶಕ್ಕೆ ಪೋರ್ಚುಗೀಸರ ನಂತರದ್ದು. ಬೀದರ್‌ನ ಪ್ರೇಕ್ಷಕರ ಎದುರು ಬಿಜ್ಜಳನ ಆಸ್ಥಾನದಲ್ಲಿ ಬಿದರಿ ಹುಕ್ಕಾ ಇಟ್ಟರೆ ಅವರು ನಾಟಕ ಬಿಟ್ಟು ಅದನ್ನೇ ನೋಡುತ್ತಾರೆ. ಎರಡನೆಯದು, ಅಷ್ಟು ಸೂಕ್ಷ್ಮದ ಬೆಳ್ಳಿಗೆರೆ ಹತ್ತನೆಯ ಸಾಲಿಗೆ ಕಾಣುವುದೇ ಇಲ್ಲ. ದೂರಕ್ಕೆ ಅದು ಒಂದು ಕಪ್ಪು ಹೂಜಿ, ಅಷ್ಟೆ. ಮೂರನೆಯದು, ಅದು ಇನ್ನೊಬ್ಬರ ಮನೆತನದ ವಸ್ತು. ಬಿದ್ದು ಮುಕ್ಕಾದರೆ ಬೆಲೆ ಕಟ್ಟಿಕೊಡಬಹುದು, ಅಜ್ಜಿಯ ನೆನಪನ್ನು ಹೇಗೆ ಕಟ್ಟಿಕೊಡುತ್ತೀರಿ?

ಅದರ ಬದಲು ಕುಂಬಾರರ ಮಣ್ಣಿನ ಹೂಜಿ, ತಾಮ್ರ, ಹಿತ್ತಾಳೆಯ ಹಳೆಯ ಪಾತ್ರೆ, ಕಟ್ಟಿಗೆಯ ಮರಿಗೆ ತನ್ನಿ. ಸ್ಟೀಲ್ ತಂಬಿಗೆ ಬೇಡ. ಅಡುಗೆಮನೆಯ ದೃಶ್ಯದಲ್ಲಿ ಕೆಂಪು ಮೆಣಸಿನಕಾಯಿಯ ಸರ ತೂಗುಹಾಕಿದ್ದೀರಿ ಎಂದು ನೀವು ಕಳಿಸಿದ ಫೋಟೊದಲ್ಲಿ ಕಂಡೆ. ಮೆಣಸಿನಕಾಯಿಯೂ ಪೋರ್ಚುಗೀಸರೊಂದಿಗೆ ಬಂದದ್ದು, ಅದನ್ನು ತೆಗೆದು ಬೆಳ್ಳುಳ್ಳಿ ಗೊಂಚಲು ಕಟ್ಟಿ. ಜೋಳದ ರಾಶಿ ಇರಲಿ, ಅದು ಆ ಕಾಲಕ್ಕೂ ಇಲ್ಲಿತ್ತು. ವಚನದ ಕಟ್ಟಿಗೆ ದಪ್ಪ ಡ್ರಾಯಿಂಗ್ ಕಾಗದವನ್ನು ಒಂದು ಅಡಿ ಉದ್ದ, ಒಂದೂವರೆ ಇಂಚು ಅಗಲಕ್ಕೆ ಕತ್ತರಿಸಿ, ಕಡು ಚಹಾದಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ಮೇಲೆ ಕೆಳಗೆ ಕಟ್ಟಿಗೆಯ ಪಟ್ಟಿ, ನಡುವೆ ದಾರ. ಮೂರು ಕಟ್ಟು ಮಾಡಿ: ಒಂದು ತಾಲೀಮಿಗೆ, ಒಂದು ಪ್ರದರ್ಶನಕ್ಕೆ, ಒಂದು ಪೆಟ್ಟಿಗೆಯಲ್ಲಿ. ತಾಲೀಮಿನ ಕಟ್ಟೂ ಅಷ್ಟೇ ಉದ್ದ, ಅಷ್ಟೇ ತೂಕ ಇರಬೇಕು. ತಿಂಗಳಿಡೀ ಶಾಲೆಯ ನೋಟ್‌ಬುಕ್ ಹಿಡಿದು ಅಭ್ಯಾಸ ಮಾಡಿದ ಕೈಗೆ ಕೊನೆಯ ದಿನ ಓಲೆಗರಿ ಕೊಟ್ಟರೆ ಆ ಕೈ ಸುಳ್ಳಾಡುತ್ತದೆ.

ಎಣ್ಣೆಯ ದೀಪ ಕೇಳುವ ನಟನ ಆಸೆ ನನಗೆ ಅರ್ಥವಾಗುತ್ತದೆ. ನಿಜವಾದ ಜ್ವಾಲೆಯ ಎದುರು ಮುಖದ ಮೇಲೆ ಬೀಳುವ ಬೆಳಕೇ ಬೇರೆ. ರಂಗಮಂದಿರದವರು ಲಿಖಿತ ಒಪ್ಪಿಗೆ ಕೊಟ್ಟರೆ ಮಾತ್ರ, ಒಂದೇ ದೀಪ, ಅಗಲ ತಳದ್ದು, ಮಣೆಗೆ ಬಿಗಿದದ್ದು, ಎಣ್ಣೆ ಆ ದೃಶ್ಯಕ್ಕೆ ಸಾಕಾಗುವಷ್ಟು. ಎರಡೂ ವಿಂಗ್‌ನಲ್ಲಿ ಮರಳಿನ ಬಕೆಟ್, ಒದ್ದೆ ಗೋಣಿಚೀಲ, ಅಗ್ನಿಶಾಮಕ ಸಿಲಿಂಡರ್, ಮತ್ತು ದೀಪವನ್ನು ನೋಡುವುದನ್ನು ಬಿಟ್ಟು ಬೇರೆ ಕೆಲಸವಿಲ್ಲದ ಒಬ್ಬ ವ್ಯಕ್ತಿ. ದೀಪದ ಹತ್ತಿರ ಹೋಗುವವರ ಸೀರೆ, ಪಂಚೆ ಹತ್ತಿಯದೇ ಆಗಿರಬೇಕು; ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಹಿಂದಿನ ಹತ್ತಿ ಪರದೆಗೆ ಹತ್ತು ಲೀಟರ್ ನೀರಿನಲ್ಲಿ 700 ಗ್ರಾಂ ಬಿಳಿಗಾರ, 300 ಗ್ರಾಂ ಬೋರಿಕ್ ಆಮ್ಲ ಕರಗಿಸಿ ನೆನೆಸಿ ಒಣಗಿಸಿದರೆ ಬೆಂಕಿ ಬೇಗ ಹಬ್ಬುವುದಿಲ್ಲ. ಮೊದಲು ಒಂದು ತುಂಡನ್ನು ಬಯಲಿನಲ್ಲಿ ಹಚ್ಚಿ ಪರೀಕ್ಷಿಸಿ. ಒಮ್ಮೆ ಒಗೆದರೆ ಗುಣ ಹೋಗುತ್ತದೆ, ಮತ್ತೆ ನೆನೆಸಬೇಕು. ಇಷ್ಟಾದ ಮೇಲೂ ಬೇಸಿಗೆಯಲ್ಲಿ ವಿಂಗ್‌ನಲ್ಲಿ ಕೂಲರ್ ಓಡುತ್ತಿದ್ದರೆ ಜ್ವಾಲೆ ನಿಲ್ಲುವುದಿಲ್ಲ. ನನ್ನ ಆಯ್ಕೆ ಕೇಳಿದರೆ, ಮಣ್ಣಿನ ಹಣತೆಯಲ್ಲಿ ಮಿನುಗುವ ಸಣ್ಣ ಎಲ್‌ಇಡಿ ಅಡಗಿಸಿ, ಮೇಲಿನಿಂದ ಒಂದು ಹಳದಿ ದೀಪವನ್ನು ಮಂದವಾಗಿ ಬಿಡಿ. ಉಳಿದದ್ದು ನಟನ ಕಣ್ಣಿನ ಕೆಲಸ.

ಖಾಲಿ ತೊಟ್ಟಿಲು ತೂಗಬಾರದು ಎನ್ನುವ ತಾಯಿಯನ್ನು ಮೂಢನಂಬಿಕೆ ಎಂದು ಎದುರಿಸಬೇಡಿ. ಖಾಲಿ ತೊಟ್ಟಿಲು ತೂಗಿದರೆ ಕೇಡಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ನಿಜ. ಆದರೆ ರಂಗದ ದೃಷ್ಟಿಯಿಂದ ಅವರ ಮಾತೇ ಸರಿ. ಖಾಲಿ ತೊಟ್ಟಿಲು ಹಗುರವಾಗಿ ಎಗರಾಡುತ್ತದೆ, ಒಳಗೆ ಕೂಸಿಲ್ಲ ಎಂದು ಕೊನೆಯ ಸಾಲಿನವರಿಗೂ ತಿಳಿಯುತ್ತದೆ. ನಾಮಕರಣದ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಅದೇ ಆಲೋಚನೆ ಇಲ್ಲಿಗೂ ಬರಲಿ. ರಂಗದ ಮೇಲೆ ಕಲ್ಲು ಉರುಳಿ ಬಿದ್ದರೆ ಕಾಲು ಮುರಿಯುತ್ತದೆ, ಆದ್ದರಿಂದ ಬಟ್ಟೆಯ ಚೀಲದಲ್ಲಿ ಮೂರು ಕಿಲೋ ಜೋಳ ತುಂಬಿ ಕುಲಾವಿ ಕಟ್ಟಿ ಮಲಗಿಸಿ. ಚೀಲವನ್ನು ಆ ತಾಯಿಯ ಕೈಯಲ್ಲೇ ಹೊಲಿಸಿ. ನಟಿಗೆ ತೂಗಲು ಭಾರ ಸಿಗುತ್ತದೆ, ತಾಯಿಗೆ ಸಮಾಧಾನ.

ಬೆಂಗಳೂರಿನ ಬಾಡಿಗೆ ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಗಣೆಯೇ ಬಾಡಿಗೆಯನ್ನು ಮೀರುತ್ತದೆ, ಮತ್ತು ಅದು ನಿಮ್ಮ ಕೈಗೆ ಬರುವುದು ಪ್ರದರ್ಶನದ ಹಿಂದಿನ ದಿನ. ಅಭ್ಯಾಸವಿಲ್ಲದ ವಸ್ತು ಕೈಗೆ ಒಗ್ಗುವುದಿಲ್ಲ. ಸಿಂಹಾಸನದಂಥ ಒಂದೆರಡು ದೊಡ್ಡ ಸಾಮಾನು ಬೇಕೇ ಬೇಕಾದರೆ ಇಲ್ಲಿನ ಜಾತ್ರೆಗಳಲ್ಲಿ ಟೆಂಟ್ ಹಾಕುವ ವೃತ್ತಿ ಕಂಪನಿಯವರನ್ನು ಕೇಳಿ. ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಕಲಬುರಗಿಗೆ ಬಂದರೆ ಮಣ್ಣಿನ, ಕಟ್ಟಿಗೆಯ ಸಣ್ಣ ಸಾಮಾನುಗಳನ್ನೂ ಆರಿಸಿಕೊಳ್ಳಬಹುದು. ಉಳಿದದ್ದಕ್ಕೆ ಗುಜರಿ ಅಂಗಡಿ, ಕುಂಬಾರರು, ಬಡಿಗರು, ಮತ್ತು ನಿಮ್ಮ ಊರಿನ ಅಟ್ಟಗಳಿವೆ. ಎರವಲು ತಂದದ್ದನ್ನು ಆಗಲೇ ಮೊಬೈಲಿನಲ್ಲಿ ಫೋಟೊ ತೆಗೆದು, ಯಾರ ಮನೆಯದು, ಯಾವ ದಿನ ಹಿಂದಿರುಗಿಸುವುದು ಎಂದು ಬರೆದುಕೊಳ್ಳಿ. ನಾಟಕ ಮುಗಿದ ಮರುದಿನವೇ ತೊಳೆದು ಒರೆಸಿ ಒಯ್ದು ಕೊಡಿ. ಮುಂದಿನ ಸಲ ಆ ಮನೆಯವರು ತಾವಾಗಿಯೇ ಕೇಳುತ್ತಾರೆ.

ಆ ಹುಡುಗನ ಮನೆಗೆ ನೀವೇ ಹೋಗಿ. ಕಟ್ಟು ಎಡಗಡೆಯೇ ಉಳಿದಿರಬೇಕು, ದಾಟಿಸುವ ಹೊಣೆಯನ್ನು ನಾವು ಯಾರಿಗೂ ಹಚ್ಚಿರಲಿಲ್ಲ, ತಪ್ಪು ನಮ್ಮೆಲ್ಲರದು ಎಂದು ಅವನ ತಂದೆತಾಯಿಯ ಎದುರಿಗೇ ಹೇಳಿ. ಒಮ್ಮೆ ಪರಿಕರದ ಸಲುವಾಗಿ ನೊಂದವನಷ್ಟು ಚೆನ್ನಾಗಿ ಅದನ್ನು ಕಾಯುವವರು ಸಿಗುವುದಿಲ್ಲ. ಅವನಿಗೆ ಪಾತ್ರ ಬೇಡ, ನೋಟ್‌ಬುಕ್ ಕೊಡಿ. ಕರಪತ್ರದಲ್ಲಿ ‘ರಂಗಪರಿಕರ’ ಎಂದು ಅವನ ಹೆಸರು ಅಚ್ಚಾಗಲಿ. ಖಡ್ಗಗಳಿರುವ ಪೆಟ್ಟಿಗೆಗೆ ಬೀಗ ಹಾಕಿ, ಎರಡು ಕೀಲಿ ಮಾಡಿಸಿ: ಒಂದು ಅವನ ಹತ್ತಿರ, ಇನ್ನೊಂದು ನಿಮ್ಮ ಹತ್ತಿರ.